ಬರದೂರಿನ ಅಂಗಳದಲ್ಲಿ ಗ್ಲ್ಯಾಡಿಯೋಲಸ್

ಹಬ್ಬದ ದಿನ ಬಲಿಪೀಠದ ಎರಡೂ ಬದಿಗೆ ಎತ್ತರದ ಹೂದಾನಿಗಳಲ್ಲಿ ನೆಟ್ಟಗೆ ನಿಂತು, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುವ ಹೂಗಳನ್ನು ನೀವೆಲ್ಲರೂ ನೋಡಿಯೇ ಇರುತ್ತೀರಿ. ಮದುವೆಯ ಮಂಟಪದಲ್ಲಿ, ಸನ್ಮಾನ ಸಮಾರಂಭದ ಹೂಗುಚ್ಛದಲ್ಲಿ ಅವು ಇದ್ದೇ ಇರುತ್ತವೆ. ಹೆಸರು ಮಾತ್ರ ನಾಲಿಗೆಗೆ ಸುಲಭವಾಗಿ ಹೊರಳುವುದಿಲ್ಲ: ಗ್ಲ್ಯಾಡಿಯೋಲಸ್. ಪೇಟೆಯಲ್ಲಿ ಒಂದೊಂದು ಕಡ್ಡಿಗೆ ಹಣ ಕೊಟ್ಟು ತರುವ ಈ ಹೂವನ್ನು ಮನೆಯ ಅಂಗಳದಲ್ಲೇ ಬೆಳೆಯಬಹುದು, ಒಮ್ಮೆ ಗೆಡ್ಡೆ ಕೈಗೆ ಸಿಕ್ಕರೆ ವರ್ಷ ವರ್ಷವೂ ಹೆಚ್ಚಿಸಿಕೊಳ್ಳಬಹುದು ಎಂದರೆ ಅನೇಕರು ನಂಬುವುದಿಲ್ಲ. ನಾವು ಇದನ್ನು ಬೆಳೆಯುತ್ತಿರುವುದು ಮಲೆನಾಡಿನಲ್ಲಲ್ಲ, ಬೆಂಗಳೂರಿನಲ್ಲೂ ಅಲ್ಲ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮೂಡಣ ಭಾಗದಲ್ಲಿ, ಸಂಖದ ಹತ್ತಿರದ ಒಂದು ಹಳ್ಳಿಯಲ್ಲಿ.

ಜತ್ತ ಮಹಾರಾಷ್ಟ್ರದ ತಾಲೂಕಾದರೂ ಮೂಡಣದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಹಿಂದೆ ಇದು ಡಫಳೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಉಮದಿ, ಸಂಖ, ಮಾಡಗ್ಯಾಳ, ತಿಕೋಂಡಿ, ಗುಡ್ಡಾಪುರ ಇವೆಲ್ಲ ನಮ್ಮ ಸುತ್ತಿನ ಊರುಗಳು. ಗುಡ್ಡಾಪುರದ ದಾನಮ್ಮ ದೇವಿಯ ಜಾತ್ರೆಗೆ ಕರ್ನಾಟಕದಿಂದಲೂ ಜನ ನಡೆದು ಬರುತ್ತಾರೆ. ಮಾಡಗ್ಯಾಳದ ಕುರಿ ತಳಿಯ ಹೆಸರು ದೂರದವರೆಗೂ ಗೊತ್ತು. ಹಿಂಗಾರಿ ಜೋಳ ನಮ್ಮ ಹೊಟ್ಟೆಯ ಬೆಳೆ. ಬಾವಿ, ಬೋರು ಇದ್ದವರಿಗೆ ದಾಳಿಂಬೆ, ದ್ರಾಕ್ಷಿ. ಮಳೆ ಕಡಿಮೆ. ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರಿಗಾಗಿ ಕೊಡಗಳ ಸಾಲು. ನಾವಿಬ್ಬರೂ ಇಲ್ಲಿಯ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿ, ನಿವೃತ್ತರಾಗಿ, ಇಲ್ಲೇ ಉಳಿದವರು. ಹಬ್ಬದ ಪೂಜೆಗೆ ಗಡಿ ದಾಟಿ ವಿಜಯಪುರಕ್ಕೆ ಹೋಗುತ್ತೇವೆ.

2005ರಲ್ಲಿ ನಮ್ಮ ಅವ್ವ ಬೆಳಗಾವಿಯ ಬಂಧುಗಳ ಮನೆಯಿಂದ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹತ್ತು ಗೆಡ್ಡೆಗಳಿಂದ ನಮ್ಮ ಈ ಕೆಲಸ ಶುರುವಾಯಿತು. ಎಲ್ಲವೂ ಅಚ್ಚ ಬಿಳಿ ಹೂವಿನವು. "ದೇವರ ಮುಂದ ಇಡಾಕ ಮನ್ಯಾಗಿನ ಹೂವ ಇರಲಿ" ಎಂಬುದು ಅವ್ವನ ಆಸೆ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು 'ಅವ್ವನ ಬಿಳಿ'.

ಹೂವಿನ ಕುಲ ಗೋತ್ರ

ಲ್ಯಾಟಿನ್ ಭಾಷೆಯಲ್ಲಿ 'ಗ್ಲಾಡಿಯುಸ್' ಎಂದರೆ ಖಡ್ಗ. ಇದರ ಎಲೆ ನೀಳವಾಗಿ, ತುದಿಯಲ್ಲಿ ಚೂಪಾಗಿ ಚಿಕ್ಕ ಕತ್ತಿಯಂತೆ ಕಾಣುವುದರಿಂದ ಈ ಹೆಸರು. 250ಕ್ಕೂ ಹೆಚ್ಚು ಕಾಡು ಜಾತಿಗಳಿದ್ದು, ಹೆಚ್ಚಿನವು ಆಫ್ರಿಕಾ ಖಂಡದವು, ಅದರಲ್ಲೂ ದಕ್ಷಿಣ ಆಫ್ರಿಕಾದವು. ಅಲ್ಲಿಂದ ಯುರೋಪಿಗೆ ಹೋದ ಗೆಡ್ಡೆಗಳನ್ನು ಒಂದಕ್ಕೊಂದು ಕೂಡಿಸಿ 19ನೇ ಶತಮಾನದಲ್ಲಿ ತೋಟದ ತಳಿಗಳನ್ನು ಮಾಡಿದರು. ನಮ್ಮ ಬಿರಿಯಾನಿ, ಪಾಯಸಕ್ಕೆ ಹಾಕುವ ಕೇಸರಿಯ ಗಿಡವೂ ಇದೇ ಕುಟುಂಬಕ್ಕೆ ಸೇರಿದ್ದು ಎಂದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಕಾಶ್ಮೀರದ ಪಾಂಪೋರಿನ ಕೇಸರಿಯೂ ಇದರಂತೆಯೇ ಗೆಡ್ಡೆಯಿಂದ ಬೆಳೆಯುತ್ತದೆ.

ನಮ್ಮ ದೇಶದಲ್ಲೂ ಒಳ್ಳೆಯ ತಳಿಗಳು ಹುಟ್ಟಿವೆ. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆರತಿ, ಪೂನಂ, ಸಪ್ನಾ, ಶೋಭಾ, ಮೀರಾ, ನಜರಾನಾ, ಧೀರಜ್ ಮುಂತಾದ ತಳಿಗಳನ್ನು ಕೊಟ್ಟಿದ್ದಾರೆ. ಇವುಗಳಲ್ಲಿ ಮೀರಾ ಬಿಳಿ ಬಣ್ಣದ್ದು. ಶೋಭಾ ತಳಿಯನ್ನು ಹಳೆಯ ತಳಿಯೊಂದರ ಗೆಡ್ಡೆಗೆ ಗಾಮಾ ಕಿರಣ ಹಾಯಿಸಿ ಪಡೆದರು. ಹೆಸರಿದ್ದ ತಳಿಯೇ ಬೇಕೆನ್ನುವವರು ಇಂಥ ಸಂಸ್ಥೆಗಳ ಮೂಲಕ ತರಿಸಿಕೊಳ್ಳುವುದು ಒಳ್ಳೆಯದು.

ಕುಡಿಯಲು ನೀರಿಲ್ಲದಲ್ಲಿ ಹೂವೇಕೆ?

ಈ ಪ್ರಶ್ನೆಯನ್ನು ನಮಗೆ ನೇರವಾಗಿ ಕೇಳಿದವರು ನೆರೆಮನೆಯ ಕಾಕಾ. ಅದು 2018. ಮುಂಗಾರು, ಹಿಂಗಾರು ಎರಡೂ ಕೈಕೊಟ್ಟ ವರ್ಷ. ಅಕ್ಟೋಬರ್ ಕೊನೆಗೆ ಮಹಾರಾಷ್ಟ್ರ ಸರಕಾರ 151 ತಾಲೂಕುಗಳಲ್ಲಿ ಬರ ಸಾರಿತು. ನಮ್ಮ ಜತ್ತವೂ ಅದರಲ್ಲಿತ್ತು. ನಾವು ಅಂಗಳದಲ್ಲಿ ಮಡಿ ಮಾಡುತ್ತಿದ್ದುದನ್ನು ನೋಡಿ ಕಾಕಾ ಬೇಲಿಯ ಆಚೆ ನಿಂತು, "ಏನ್ರೀ ಅಕ್ಕಾರ, ಮಂದಿಗೆ ಕುಡ್ಯಾಕ ನೀರಿಲ್ಲ, ನಿಮ್ಮ ಹೂವಿಗೆ ಎಲ್ಲಿಂದ ಬರ್ತಾವು?" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಹಿಂದಿನ ದಿನವಷ್ಟೇ ಅವರು ತಮ್ಮ ಎರಡು ಎಮ್ಮೆಗಳಲ್ಲಿ ಒಂದನ್ನು ಸಂತೆಗೆ ಹೊಡೆದಿದ್ದರು.

ಆ ರಾತ್ರಿ ನಾವು, ಅವ್ವ ಮೂವರೂ ಕೂತು ಲೆಕ್ಕ ಹಾಕಿದೆವು. ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಮಡಿಯಲ್ಲಿ ಮೂವತ್ತು ಗೆಡ್ಡೆ ಹಿಡಿಯುತ್ತವೆ. ಚಳಿಗಾಲದಲ್ಲಿ ಅದಕ್ಕೆ ಮೂರು ದಿನಕ್ಕೊಮ್ಮೆ ಎರಡು ಕೊಡ ನೀರು ಸಾಕು, ಮೇಲೆ ಜೋಳದ ರವದಿ ಹಾಸಿದ್ದರೆ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು, ಬಟ್ಟೆಯ ಕೊನೆಯ ಜಾಲಿನ ನೀರು ಕೂಡಿಸಿದರೆ ಅಷ್ಟು ನಮ್ಮ ಮನೆಯಲ್ಲೇ ಆಗುತ್ತಿತ್ತು. ಟ್ಯಾಂಕರಿನ ಒಂದು ಹನಿ ಒಳ್ಳೆಯ ನೀರನ್ನೂ ಹೂವಿಗೆ ಹಾಕಬಾರದು. ಬಳಸಿದ ನೀರಲ್ಲಿ ಎಷ್ಟು ಬದುಕುತ್ತವೋ ಅಷ್ಟು ಮಾತ್ರ ನೆಡಬೇಕು ಎಂದು ತೀರ್ಮಾನವಾಯಿತು. ನಮ್ಮ ಬಳಿ ಆಗ ನೂರಾ ನಲವತ್ತು ಗೆಡ್ಡೆಗಳಿದ್ದವು. ಮೂವತ್ತನ್ನು ಇಟ್ಟುಕೊಂಡು ಉಳಿದವನ್ನು ಅಥಣಿ ತಾಲೂಕಿನ ಹೊಳೆದಂಡೆಯ ಬಂಧುಗಳಿಗೆ ಕೊಟ್ಟೆವು. ಅಲ್ಲಿ ಕೃಷ್ಣಾ ನದಿ ಇತ್ತಲ್ಲ!

ಇಲ್ಲೊಂದು ಮಾತು ಹೇಳಬೇಕು. ಗ್ಲ್ಯಾಡಿಯೋಲಸ್ ಮೇಲುನೋಟಕ್ಕೆ ಶ್ರೀಮಂತರ ಹೂವಿನಂತೆ ಕಂಡರೂ ಅದರ ಸ್ವಭಾವ ಬರದೂರಿಗೆ ಹೊಂದುತ್ತದೆ. ಗುಲಾಬಿಗೆ, ಮಲ್ಲಿಗೆಗೆ ಸುಡುವ ಏಪ್ರಿಲ್ ಮೇ ತಿಂಗಳಲ್ಲೂ ನೀರು ಬೇಕು. ಇದಕ್ಕೆ ಬೇಕಾದದ್ದು ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಮಾತ್ರ. ಬಾವಿ ಬತ್ತುವ ಹೊತ್ತಿಗೆ ಇದು ಮಣ್ಣು ಬಿಟ್ಟು ಚೀಲ ಸೇರಿ ನಿದ್ದೆ ಹೋಗಿರುತ್ತದೆ. ಆರು ತಿಂಗಳು ಒಂದು ಹನಿ ನೀರು ಕೇಳುವುದಿಲ್ಲ. ತಪಸ್ಸು ಕಾಲದಲ್ಲಿ ಬಲಿಪೀಠ ಹೂವಿಲ್ಲದೆ ಬರಿದಾಗಿರುತ್ತದೆ. ನಮ್ಮ ಮಡಿಯೂ ಅದೇ ದಿನಗಳಲ್ಲಿ ಬರಿದಾಗುತ್ತದೆ.

ನೆಡುವ ಕಾಲ, ನೆಡುವ ಬಗೆ

ನೆಟ್ಟ ಮೇಲೆ ಹೂ ಬರಲು ತಳಿಯನ್ನು ನೋಡಿ 60ರಿಂದ 90 ದಿನಗಳು ಬೇಕು. ಅವ್ವನ ಬಿಳಿಗೆ ನಮ್ಮ ಹವೆಯಲ್ಲಿ ಎಂಬತ್ತು ದಿನ ಹಿಡಿಯುತ್ತದೆ. ಆದ್ದರಿಂದ ಕ್ರಿಸ್ಮಸ್ ಹಬ್ಬಕ್ಕೆ ಹೂ ಬೇಕಾದರೆ ಅಕ್ಟೋಬರ್ 5ರ ಸುಮಾರಿಗೆ ನೆಡುತ್ತೇವೆ. ಆಗ ಹಸ್ತ ಮಳೆಯ ಕಾಲ. ಮಣ್ಣಿನಲ್ಲಿ ತೇವ ಇರುತ್ತದೆ, ಹೊಲದಲ್ಲಿ ಜೋಳದ ಬಿತ್ತಿಗೆ ನಡೆದಿರುತ್ತದೆ. ಎಲ್ಲವನ್ನೂ ಒಂದೇ ದಿನ ನೆಡುವುದಕ್ಕಿಂತ ಹತ್ತು ದಿನಕ್ಕೊಂದು ಸಾಲು ನೆಟ್ಟರೆ ಜನವರಿ ಕೊನೆಯವರೆಗೂ ಹೂ ಸಿಗುತ್ತದೆ.

ದಿನಕ್ಕೆ ಆರೇಳು ತಾಸಾದರೂ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ನೀರು ನಿಲ್ಲುವ ಎರೆ ಮಣ್ಣು ಇದಕ್ಕೆ ಆಗದು. ನಾವು ಎರೆ ಮಣ್ಣಿಗೆ ಗರಸು, ಮರಳು ಬೆರೆಸಿ, ಹಳೆಯ ಕುರಿ ಗೊಬ್ಬರ ಕೂಡಿಸಿ, ಅರ್ಧ ಅಡಿ ಎತ್ತರದ ಮಡಿ ಮಾಡುತ್ತೇವೆ. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಗೊಬ್ಬರ ಗೆಡ್ಡೆಯನ್ನು ಕೊಳೆಸುತ್ತದೆ.

ಗೆಡ್ಡೆ ಆರಿಸುವಾಗ ಬರೀ ಅಗಲ ನೋಡಬೇಡಿ. ಅಗಲವಾಗಿ ಚಪ್ಪಟೆಯಾಗಿರುವುದಕ್ಕಿಂತ, ದುಂಡಗೆ ದಪ್ಪನಾಗಿ, ಒತ್ತಿದರೆ ಗಟ್ಟಿಯಾಗಿರುವುದು ಒಳ್ಳೆಯದು. ನಾಲ್ಕೈದು ಸೆಂಟಿಮೀಟರ್ ಅಗಲವಿದ್ದರೆ ಒಳ್ಳೆಯ ಕಡ್ಡಿ ಬರುತ್ತದೆ. ಒಣ ಸಿಪ್ಪೆ ತೆಗೆದು ನೋಡಿದರೆ ಮೊಳಕೆಯ ಕಣ್ಣು ಕಾಣುತ್ತದೆ. ಕಣ್ಣು ಮೇಲೆ ಬರುವಂತೆ, ನಾಲ್ಕು ಬೆರಳು ಆಳಕ್ಕೆ, ಗೇಣು ಅಂತರದಲ್ಲಿ ಇಡಬೇಕು.

ನಮ್ಮ ಅನುಭವದಲ್ಲಿ ಗಿಡಕ್ಕೆ ಮೂರು ನಾಲ್ಕು ಎಲೆ ಬಂದಾಗ ನೀರು ತಪ್ಪಿಸಲೇಬಾರದು. ಹೊರಗೆ ಏನೂ ಕಾಣದಿದ್ದರೂ ಆಗ ಒಳಗೆ ಹೂಗೊಂಚಲು ಮೂಡುತ್ತಿರುತ್ತದೆ. ಆಗ ಬಾಯಾರಿದ ಗಿಡ ಹೂ ಕೊಡದೆಯೇ ಉಳಿಯಬಹುದು. ಗಿಡ ಮೊಣಕಾಲೆತ್ತರ ಬಂದಾಗ ಬುಡಕ್ಕೆ ಮಣ್ಣು ಏರಿಸುತ್ತೇವೆ, ಪಕ್ಕಕ್ಕೆ ಒಂದು ಜೋಳದ ದಂಟು ಊರಿ ಸಡಿಲಾಗಿ ಕಟ್ಟುತ್ತೇವೆ. ಎಲೆಯ ಮೇಲೆ ಬೆಳ್ಳಿಯಂಥ ಗೀರುಗಳು ಕಂಡರೆ ಅದು ಥ್ರಿಪ್ಸ್ ನುಸಿ. ದ್ರಾಕ್ಷಿ, ದಾಳಿಂಬೆ ಬೆಳೆಯುವ ನಮ್ಮ ರೈತರಿಗೆ ಅದು ಹಳೆಯ ವೈರಿ. ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಹೂ ಕೊಯ್ಯುವಾಗ

ಪೂರ್ತಿ ಅರಳುವವರೆಗೆ ಕಾಯಬಾರದು. ಕಡ್ಡಿಯ ಬುಡದ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ, ಮುಂಜಾನೆ ತಂಪಿನಲ್ಲಿ ಕೊಯ್ದು ನೀರಿನಲ್ಲಿಟ್ಟರೆ ಉಳಿದವು ದಿನಕ್ಕೊಂದೆರಡರಂತೆ ಅರಳುತ್ತವೆ. ಹಬ್ಬಕ್ಕೆ ಎರಡು ದಿನ ಮೊದಲು ಕೊಯ್ದರೆ ಸರಿಯಾಗುತ್ತದೆ. ಗಿಡದಲ್ಲಿ ನಾಲ್ಕೈದು ಎಲೆ ಬಿಟ್ಟು ಕೊಯ್ಯಬೇಕು. ಮುಂದಿನ ವರ್ಷದ ಗೆಡ್ಡೆಗೆ ಅನ್ನ ಒದಗಿಸುವುದು ಆ ಎಲೆಗಳೇ.

ಇನ್ನೊಂದು ವಿಶೇಷ. ಕೊಯ್ದ ಕಡ್ಡಿಯನ್ನು ಮಲಗಿಸಿ ಇಟ್ಟರೆ ಅದರ ತುದಿ ಆಕಾಶದ ಕಡೆಗೆ ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಆದ್ದರಿಂದ ವಿಜಯಪುರದ ಬಸ್ಸಿನಲ್ಲಿ ನಾವು ಬಕೆಟ್ಟನ್ನು ಕಾಲ ನಡುವೆ ಇಟ್ಟುಕೊಂಡು, ಕಡ್ಡಿಗಳನ್ನು ನಿಲ್ಲಿಸಿಯೇ ಒಯ್ಯುತ್ತೇವೆ. ಎಷ್ಟೋ ಸಲ ಕಂಡಕ್ಟರು ಅವನ್ನು ನೋಡಿ, "ಯಾರದ್ರೀ ಮದುವಿ?" ಎಂದು ಕೇಳಿದ್ದುಂಟು. ಹೂದಾನಿಯ ನೀರನ್ನು ದಿನಾಲೂ ಬದಲಿಸಿ, ಬುಡವನ್ನು ಒಂದಿಷ್ಟು ಕತ್ತರಿಸುತ್ತಿದ್ದರೆ ಒಂದು ವಾರ ಬಾಳುತ್ತವೆ.

ಗೆಡ್ಡೆಯ ಗುಟ್ಟು

ಇನ್ನು ಮುಖ್ಯ ವಿಷಯ. ಇದರ ಗೆಡ್ಡೆ ಈರುಳ್ಳಿಯಂತೆ ಪದರು ಪದರಾಗಿರುವುದಿಲ್ಲ. ಕತ್ತರಿಸಿದರೆ ಸುವರ್ಣಗೆಡ್ಡೆಯಂತೆ ಒಳಗೆಲ್ಲ ಗಟ್ಟಿ. ಅದು ನಿಜಕ್ಕೂ ನೆಲದೊಳಗೆ ಉಬ್ಬಿದ ಕಾಂಡ. ನೆಟ್ಟ ಗೆಡ್ಡೆ ತನ್ನೊಳಗಿನ ಸತ್ವವನ್ನೆಲ್ಲ ಮೊಳಕೆಗೆ ಕೊಟ್ಟು ಬತ್ತಿಹೋಗುತ್ತದೆ. ಅದರ ತಲೆಯ ಮೇಲೆ, ಗಿಡದ ಬುಡದಲ್ಲಿ ಹೊಸ ಗೆಡ್ಡೆ ಮೂಡುತ್ತದೆ. ನೀವು ಅಗೆದಾಗ ಮೇಲೆ ತುಂಬಿದ ಹೊಸ ಗೆಡ್ಡೆ, ಕೆಳಗೆ ಒಣಗಿದ ತಾಯಿಗೆಡ್ಡೆ ಅಂಟಿಕೊಂಡಿರುವುದನ್ನು ಕಾಣಬಹುದು. ನೆಲಕ್ಕೆ ಬಿದ್ದ ಗೋಧಿಯ ಕಾಳಿನ ಬಗ್ಗೆ ಯೇಸುಸ್ವಾಮಿ ಹೇಳಿದ ಮಾತು ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯದಲ್ಲಿದೆ. ಅದನ್ನು ಮಕ್ಕಳಿಗೆ ಹೇಳಿಕೊಡುವಾಗ ಅವ್ವ ಈ ಜೋಡಿಯನ್ನೇ ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು.

ಹೊಸ ಗೆಡ್ಡೆಗೂ ತಾಯಿಗೆಡ್ಡೆಗೂ ನಡುವೆ ಸಣ್ಣ ಎಳೆಗಳ ತುದಿಯಲ್ಲಿ ಬಟಾಣಿಯಷ್ಟು, ಕಡಲೆಯಷ್ಟು ಚಿಕ್ಕ ಮರಿಗಳು ಇರುತ್ತವೆ. ಕೆಲವು ಗಿಡಕ್ಕೆ ಐದಾರು, ಕೆಲವಕ್ಕೆ ಐವತ್ತು. ಅನೇಕರು ಇವನ್ನು ಮಣ್ಣಿನೊಂದಿಗೆ ಚೆಲ್ಲಿಬಿಡುತ್ತಾರೆ. ವಂಶ ಬೆಳೆಸುವುದು ಇವೇ. ತಾಯಿಯ ಬಣ್ಣ, ಗುಣ ಎಲ್ಲವೂ ಇವುಗಳಲ್ಲಿ ಹಾಗೆಯೇ ಬರುತ್ತದೆ. ಬೀಜದಿಂದ ಬೆಳೆದರೆ ಆ ಖಾತರಿ ಇಲ್ಲ. ಬಿಳಿ ಹೂವಿನ ಬೀಜದಿಂದ ಯಾವ ಬಣ್ಣವಾದರೂ ಬರಬಹುದು. ಗೆಡ್ಡೆಯನ್ನು ಮೇಲುಮೇಲೆ ನೆಟ್ಟರೆ ಮರಿಗಳು ಹೆಚ್ಚು, ಆಳಕ್ಕೆ ನೆಟ್ಟರೆ ಕಡಿಮೆ. ದೊಡ್ಡ ಗೆಡ್ಡೆಯಲ್ಲಿ ಎರಡು ಮೂರು ಕಣ್ಣಿದ್ದರೆ ಒಂದೊಂದು ತುಂಡಿಗೂ ಒಂದು ಕಣ್ಣು, ಸ್ವಲ್ಪ ಬೇರಿನ ಭಾಗ ಬರುವಂತೆ ಕತ್ತರಿಸಿ, ಗಾಯ ಒಣಗಿದ ಮೇಲೆ ನೆಡಲೂಬಹುದು.

ಹೂ ಕೊಯ್ದ ಆರೇಳು ವಾರಕ್ಕೆ ಎಲೆ ಹಳದಿಯಾಗತೊಡಗುತ್ತದೆ. ಆಗ ನೀರು ನಿಲ್ಲಿಸಿ, ಹತ್ತು ಹದಿನೈದು ದಿನ ಬಿಟ್ಟು ಅಗೆಯುತ್ತೇವೆ. ಮಣ್ಣು ಕೊಡವಿ, ನೆರಳಿನಲ್ಲಿ ಗಾಳಿಯಾಡುವಂತೆ ಎರಡು ಮೂರು ವಾರ ಒಣಗಿಸಿ, ತಾಯಿಗೆಡ್ಡೆಯನ್ನು ಮುರಿದು ಬೇರೆ ಮಾಡುತ್ತೇವೆ. ಈರುಳ್ಳಿಯ ಜಾಳಿಗೆ ಚೀಲದಲ್ಲಿ ಹಾಕಿ, ಮಣ್ಣಿನ ಗೋಡೆಯ ತಂಪು ಕೋಣೆಯಲ್ಲಿ ತೂಗುಹಾಕುತ್ತೇವೆ. ಪ್ಲಾಸ್ಟಿಕ್ ಚೀಲ ಕೂಡದು. ಹೊಸ ಗೆಡ್ಡೆ ಎರಡು ಮೂರು ತಿಂಗಳು ಏನು ಮಾಡಿದರೂ ಮೊಳೆಯುವುದಿಲ್ಲ. ಅದಕ್ಕೆ ವಿಶ್ರಾಂತಿ ಬೇಕು. ಬೇಗ ನೆಡಬೇಕೆನ್ನುವವರು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಕಾಯಿಪಲ್ಲೆ ಡಬ್ಬಿಯಲ್ಲಿ ಎರಡು ಮೂರು ತಿಂಗಳು ಇಟ್ಟರೆ ನಿದ್ದೆ ಬೇಗ ತಿಳಿಯುತ್ತದೆ.

ಆ ಕೆಟ್ಟ ವರ್ಷ

2018ರ ಮೂವತ್ತು ಗೆಡ್ಡೆಗಳು ಬಳಸಿದ ನೀರಿನಲ್ಲೇ ಬದುಕಿ ಹೂ ಕೊಟ್ಟವು. ಕಾಕಾ ಬಂದು ನೋಡಿ ಏನೂ ಹೇಳಲಿಲ್ಲ; ಮಾರನೆಯ ದಿನ ಅವರ ಮೊಮ್ಮಗಳು ತಮ್ಮ ಮನೆಯ ಕಾಯಿಪಲ್ಲೆ ತೊಳೆದ ನೀರನ್ನು ಒಂದು ತಂಬಿಗೆಯಲ್ಲಿ ತಂದು ನಮ್ಮ ಮಡಿಗೆ ಸುರಿದು ಹೋದಳು.

ಮುಂದಿನ ವರ್ಷ ಲೆಕ್ಕ ತಲೆಕೆಳಗಾಯಿತು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ಬಂತು. ಸಾಂಗಲಿ ನಗರಕ್ಕೂ, ಅಥಣಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ನಮ್ಮ ಬಂಧುಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಮನೆ ಉಳಿಯಿತು, ಒಳಗಿದ್ದದ್ದೆಲ್ಲ ಕೆಸರಾಯಿತು. ನೀರಿಲ್ಲವೆಂದು ನಾವು ಅಲ್ಲಿಗೆ ಕಳಿಸಿದ್ದ ಗೆಡ್ಡೆಗಳು ನೀರಿನಲ್ಲೇ ಹೋದವು. ಅವರ ಕಷ್ಟದ ಮುಂದೆ ಗೆಡ್ಡೆಯ ಮಾತು ಎತ್ತುವಂತಿರಲಿಲ್ಲ. ಅವರೇ ನೆನಪಿಟ್ಟು, "ಅವ್ವನ ಹೂವು ಉಳಸಾಕ ಆಗಲಿಲ್ಲ" ಎಂದಾಗ ನಮಗೆ ಕಣ್ಣು ತುಂಬಿ ಬಂತು.

ಆ ಸೆಪ್ಟೆಂಬರಿನಲ್ಲಿ ಮಡಿ ತುಂಬಲೆಂದು ಹೊರಗಿನ ಮಾರಾಟಗಾರರೊಬ್ಬರಿಂದ ಕೆಂಪು, ಹಳದಿ ಬಣ್ಣದ ನೂರು ಗೆಡ್ಡೆಗಳನ್ನು ಕೊಂಡೆವು. ನೋಡಲು ಗಟ್ಟಿಯಾಗಿದ್ದವು. ಅವನ್ನು ಬೇರೆ ಮಡಿಯಲ್ಲೇ ನೆಟ್ಟೆವು. ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಎಂದೂ ಕಾಣದ ಅಕಾಲ ಮಳೆ ಸುರಿಯಿತು. ದ್ರಾಕ್ಷಿ, ದಾಳಿಂಬೆ ತೋಟಗಳು ಹಾಳಾದವು. ಅಂಗಳದಲ್ಲಿ ನೀರು ಮಡಿಯಿಂದ ಮಡಿಗೆ ಹರಿಯಿತು. ಕೊಂಡು ತಂದ ಗೆಡ್ಡೆಗಳ ಗಿಡಗಳು ತುದಿಯಿಂದ ಹಳದಿಯಾಗಿ ಬಾಗತೊಡಗಿದವು. ಕಿತ್ತು ನೋಡಿದರೆ ಗೆಡ್ಡೆಯ ಮೇಲೆ ಕಂದು ಬಣ್ಣದ ಕೊಳೆ. ಫ್ಯುಸೇರಿಯಂ ಎಂಬ ಶಿಲೀಂಧ್ರದ ರೋಗವದು. ಗೆಡ್ಡೆಯೊಂದಿಗೆ ಪ್ರಯಾಣ ಮಾಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎರಡು ವಾರದಲ್ಲಿ ಬಿಳಿಯ ಮಡಿಗೂ ಬಂತು.

ಫೆಬ್ರವರಿಯಲ್ಲಿ ಅಗೆದಾಗ ಅವ್ವನ ಬಿಳಿಯ ಗಿಡಗಳಲ್ಲಿ ಕಲೆಯಿಲ್ಲದೆ ಸಿಕ್ಕವು ನಾಲ್ಕೇ, ಎತ್ತರದ ಅಂಚಿನಲ್ಲಿದ್ದವು. ಉಳಿದವನ್ನೆಲ್ಲ ಒಣಗಿಸಿ ಸುಟ್ಟುಹಾಕಿದೆವು. ಆ ನಾಲ್ಕು ಗೆಡ್ಡೆಗಳೂ ಚೀಲದಲ್ಲಿದ್ದಾಗಲೇ ಒಂದೊಂದಾಗಿ ಮೆತ್ತಗಾದವು. ಕೊನೆಗೆ ಕೈಯಲ್ಲಿ ಉಳಿದದ್ದು ಅವುಗಳ ಬುಡದಲ್ಲಿ ಸಿಕ್ಕಿದ್ದ ಐವತ್ತೆರಡು ಮರಿಗಳು. ಗಟ್ಟಿ ಚಿಪ್ಪಿನೊಳಗಿದ್ದ ಅವು ಕೊಳೆತಿರಲಿಲ್ಲ. ಅವ್ವ ಅವನ್ನು ಒಂದು ಅರಿವೆಯಲ್ಲಿ ಕಟ್ಟಿ ತಮ್ಮ ಟ್ರಂಕಿನ ಮೇಲೆ ಇಟ್ಟುಕೊಂಡರು. ಆಗ ಅವರಿಗೆ ಎಂಬತ್ನಾಲ್ಕು ವರ್ಷ. ಮರಿ ದೊಡ್ಡದಾಗಿ ಹೂ ಕೊಡಲು ಎರಡು ಮೂರು ವರ್ಷ ಬೇಕೆಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮರಿಗಳನ್ನು ಬೆಳೆಸಿದ್ದು

2020ರ ಅಕ್ಟೋಬರಿನಲ್ಲಿ ಮನೆಯ ಇನ್ನೊಂದು ಬದಿಗೆ, ಎಂದೂ ಗ್ಲ್ಯಾಡಿಯೋಲಸ್ ಕಾಣದ ಜಾಗದಲ್ಲಿ, ಹೊಸ ಮಣ್ಣು ತುಂಬಿ ಮಡಿ ಮಾಡಿದೆವು. ಗೊಬ್ಬರಕ್ಕೆ ಟ್ರೈಕೋಡರ್ಮಾ ಪುಡಿ ಬೆರೆಸಿದೆವು. ಅದು ಕೊಳೆ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ. ಮರಿಗಳನ್ನು ಎರಡು ದಿನ ನೀರಿನಲ್ಲಿ ನೆನೆಹಾಕಿ, ಚಿಪ್ಪನ್ನು ಉಗುರಿನಿಂದ ಸ್ವಲ್ಪ ಬಿಡಿಸಿ, ತೋಟಗಾರಿಕೆಯವರು ಹೇಳಿದ ಶಿಲೀಂಧ್ರನಾಶಕದ ನೀರಿನಲ್ಲಿ ಅರ್ಧ ತಾಸು ಅದ್ದಿ, ಎರಡು ಬೆರಳು ಆಳಕ್ಕೆ ಬೆಳ್ಳುಳ್ಳಿ ಊರಿದಂತೆ ಊರಿದೆವು. ಚಿಪ್ಪು ಬಿಡಿಸುವ ಕೆಲಸ ಅವ್ವನದು. ಐವತ್ತೆರಡರಲ್ಲಿ ನಲವತ್ತೊಂದು ಮೊಳೆತವು. ಹುಲ್ಲಿನಂಥ ಒಂದೆರಡು ಎಲೆ, ಅಷ್ಟೇ. ಹೂವಿಲ್ಲದ ಆ ಗಿಡಗಳಿಗೆ ನಾಲ್ಕು ತಿಂಗಳು ನೀರು ಹಾಕಿ, ಅಗೆದಾಗ ಅಡಿಕೆಯಷ್ಟು ಗಾತ್ರದ ಗೆಡ್ಡೆಗಳು ಸಿಕ್ಕವು.

2021ರ ಅಕ್ಟೋಬರಿನಲ್ಲಿ ಮತ್ತೆ ಬೇರೆ ಮಡಿಯಲ್ಲಿ ನೆಟ್ಟೆವು. ಕ್ರಿಸ್ಮಸ್ ಹೂವಿಲ್ಲದೆ ಕಳೆಯಿತು. ಜನವರಿ ಎರಡನೆಯ ವಾರ ಐದು ಗಿಡಗಳಲ್ಲಿ ಗಿಡ್ಡ ಕಡ್ಡಿಗಳು ಹೊರಟವು. ಒಂದೊಂದರಲ್ಲಿ ಆರೇಳು ಹೂ ಮಾತ್ರ. ಬಣ್ಣ ಅದೇ, ಅಚ್ಚ ಬಿಳಿ. ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ ಮಡಿಯ ಬಳಿ ಒಯ್ದೆವು. ಅವರು ಒಂದು ಹೂವನ್ನು ಬೆರಳ ತುದಿಯಿಂದ ಮುಟ್ಟಿ, "ಇದನ್ನ ಕೊಯ್ಯಬ್ಯಾಡ್ರಿ, ಗಡ್ಡಿ ಬೆಳೀಲಿ" ಎಂದರು. ನಾವು ಕೊಯ್ಯಲಿಲ್ಲ.

2022ರ ಜೂನಿನಲ್ಲಿ ಅವ್ವ ದೇವರ ಪಾದ ಸೇರಿದರು. ಮಣ್ಣು ಮಾಡುವ ದಿನ ನಮ್ಮ ಮಡಿ ಬರಿದಾಗಿತ್ತು. ಹೂಗಳೆಲ್ಲ ಚೀಲದಲ್ಲಿ ನಿದ್ದೆಯಲ್ಲಿದ್ದವು. ಪೇಟೆಯ ಹೂವನ್ನೇ ಇಟ್ಟೆವು. ಆ ವರ್ಷ ನಾವು ಕ್ರಿಸ್ಮಸ್ ವರೆಗೆ ಕಾಯದೆ, ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಹೂ ಬರುವಂತೆ ಎಂಬತ್ತೆರಡು ದಿನ ಹಿಂದೆ ಎಣಿಸಿ, ಆಗಸ್ಟ್ 12ರಂದು ನೆಟ್ಟೆವು. ಮಳೆಗಾಲದಲ್ಲಿ ಕೊಳೆಯ ಭಯ ಹೆಚ್ಚು. ಆದ್ದರಿಂದ ಮಡಿಯನ್ನು ಒಂದು ಅಡಿ ಎತ್ತರಿಸಿ, ಸುತ್ತ ಕಾಲುವೆ ತೋಡಿದೆವು. ನೆಟ್ಟ ನಲವತ್ತರಲ್ಲಿ ಅಕ್ಟೋಬರ್ ಕೊನೆಗೆ ಹದಿನೇಳು ಕಡ್ಡಿ ಕೊಯ್ಲಿಗೆ ಬಂದವು. ಹದಿನೇಳನ್ನೂ ಬಕೆಟ್ಟಿನಲ್ಲಿ ನಿಲ್ಲಿಸಿಕೊಂಡು ವಿಜಯಪುರಕ್ಕೆ ಹೋಗಿ ಅವ್ವನ ಸಮಾಧಿಯ ಮೇಲೆ ಇಟ್ಟೆವು. ಪಕ್ಕದ ಸಮಾಧಿಯೊಂದು ಬರಿದಾಗಿ ಕಂಡದ್ದರಿಂದ ಎರಡು ಕಡ್ಡಿ ಅಲ್ಲಿಗೂ ಇಟ್ಟೆವು. ಅವ್ವ ಇದ್ದಿದ್ದರೆ ಹಾಗೆಯೇ ಮಾಡುತ್ತಿದ್ದರು.

ಬೆಳೆಯಬಯಸುವವರಿಗೆ

ಈಗ ನಮ್ಮಲ್ಲಿ ನಾಲ್ಕು ಮಡಿಗಳಿವೆ. ಒಂದೊಂದು ವರ್ಷ ಒಂದರಲ್ಲಿ ಮಾತ್ರ ಗ್ಲ್ಯಾಡಿಯೋಲಸ್. ಉಳಿದವುಗಳಲ್ಲಿ ಚೆಂಡುಹೂ, ಮೆಂತ್ಯೆ, ಕೊತ್ತಂಬರಿ. ನಾಲ್ಕನೆಯ ವರ್ಷ ಕಳೆದ ಮೇಲೆಯೇ ಅದೇ ಮಣ್ಣಿಗೆ ಮರಳುತ್ತೇವೆ. ಹೊರಗಿನಿಂದ ಗೆಡ್ಡೆ ಬಂದರೆ ಮೊದಲ ವರ್ಷ ಕುಂಡದಲ್ಲಿ ಬೆಳೆದು, ರೋಗವಿಲ್ಲವೆಂದು ಕಂಡ ಮೇಲೆ ಮಡಿಗೆ ಬಿಡುತ್ತೇವೆ. ಹಿತ್ತಲಿಲ್ಲದವರೂ ಒಂದು ಅಡಿ ಆಳದ ಕುಂಡದಲ್ಲಿ ನಾಲ್ಕೈದು ಗೆಡ್ಡೆ ಬೆಳೆಯಬಹುದು. ಎಲ್ಲ ಗೆಡ್ಡೆಗಳನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಎರಡು ಮೂರು ಊರುಗಳಲ್ಲಿ ಹಂಚಿಡಿ. ನಮ್ಮ ಬಿಳಿ ಈಗ ಉಮದಿಯ ಒಂದು ಮನೆಯಲ್ಲಿ, ವಿಜಯಪುರದ ಎರಡು ಮನೆಗಳಲ್ಲಿ, ಅಥಣಿಯ ಅದೇ ಬಂಧುಗಳ ಹೊಸ ಮನೆಯ ಮಾಳಿಗೆಯ ಮೇಲೆ ಇದೆ.

ಕಾಕಾನ ಮೊಮ್ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಹೋದ ಬೇಸಿಗೆಯಲ್ಲಿ ಬಂದು, "ಅಜ್ಜಿ ಹೂವಿನ ಮರಿ ನನಗೂ ಕೊಡ್ರಿ" ಎಂದು ಕೇಳಿದಳು. ಇಪ್ಪತ್ತು ಮರಿಗಳನ್ನು ಅರಿವೆಯಲ್ಲಿ ಕಟ್ಟಿ ಕೊಟ್ಟು, ಎರಡು ವರ್ಷ ಹೂವಿನ ಆಸೆ ಇಟ್ಟುಕೊಳ್ಳಬೇಡ ಎಂದೆವು. "ಗೊತ್ತೈತ್ರಿ" ಎಂದು ನಕ್ಕು ಹೋದಳು. ಹಸ್ತ ಮಳೆ ಬಿದ್ದ ಮೇಲೆ ಊರುವುದನ್ನು ಮಾತ್ರ ಮರೆಯಬೇಡವೆಂದು ಬೇಲಿಯವರೆಗೆ ಹೋಗಿ ಇನ್ನೊಮ್ಮೆ 'ಹೇಳಿ ಬಂದೆವು.